ರಾಜಾದಿತ್ಯನ ಲೆಕ್ಕ, ಹಡಗಲಿಯ ಮಲ್ಲಿಗೆ

ಪಂಪ, ರನ್ನ, ಜನ್ನರನ್ನು ಆಸ್ಥೆಯಿಂದ ಪಾಠಮಾಡುವ ನಾವು, 12ನೆಯ ಶತಮಾನದ ಜೈನಕವಿ ರಾಜಾದಿತ್ಯನನ್ನು ಹೆಸರಿಸಿ ದಾಟಿಬಿಡುತ್ತೇವೆ. ನಾನೂ ಹಾಗೆಯೇ ಮಾಡಿದವನು. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಸಾಲದ ಬಡ್ಡಿ, ಚಿನ್ನದ ಬೆರಕೆ, ಹಣ್ಣಿನ ಬೆಲೆ ಎಲ್ಲವೂ ಅಲ್ಲಿ ಲೆಕ್ಕದ ವಸ್ತುಗಳೇ. ಅಂಥ ವಿದ್ಯೆಯನ್ನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳಲ್ಲಿ ಕನ್ನಡಕ್ಕೆ ತಂದವನು ರಾಜಾದಿತ್ಯ. ವ್ಯಾಪಾರಿಗೂ ಒಕ್ಕಲಿಗೂ ಬೇಕಾದ ಶಾಸ್ತ್ರ ದೇಶಭಾಷೆಯಲ್ಲಿರಬೇಕೆಂಬ ಈ ವಿವೇಕ ಸಾಮಾನ್ಯವಾದುದಲ್ಲ.

ಅವನು ಹೇಳುವ ತ್ರೈರಾಶಿಕದಲ್ಲಿ ಸಹಜ, ವ್ಯಸ್ತ ಎಂದು ಎರಡು ಬಗೆ. ಉದಾಹರಣೆ ನನ್ನದು, ಹೂವಿನಹಡಗಲಿಯ ಮಲ್ಲಿಗೆಯಿಂದ ಆಯ್ದದ್ದು. ಮೂರು ಮೊಳಕ್ಕೆ 60 ರೂಪಾಯಿಯಾದರೆ ಏಳು ಮೊಳಕ್ಕೆ 140: ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚುವುದರಿಂದ ಇದು ಸಹಜ. ಆರು ಮಂದಿ ಐದು ಗಂಟೆಯಲ್ಲಿ ಬಿಡಿಸುವ ಮೊಗ್ಗನ್ನು ಹತ್ತು ಮಂದಿ ಮೂರೇ ಗಂಟೆಯಲ್ಲಿ ಬಿಡಿಸಿಯಾರು: ಕೈ ಹೆಚ್ಚಿದಂತೆ ಹೊತ್ತು ಕುಗ್ಗುತ್ತದೆ, ಆದ್ದರಿಂದ ವ್ಯಸ್ತ.

ಕೊಟ್ಟೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಸಂತೆಯಲ್ಲಿ ತಾಯಿಯ ಪಕ್ಕ ಕುಳಿತು ಇಂಥ ಲೆಕ್ಕವನ್ನು ಬಾಯಲ್ಲೇ ಮುಗಿಸುತ್ತಾಳೆ. ಆದರೂ “ಗಣಿತ ಬರಲ್ಲಂತ ಕನ್ನಡ ತಗೊಂಡೆ ಸರ್” ಎಂದಳು. ಈ ವರ್ಷ ಅವಳ ತರಗತಿಗೆ ರಾಜಾದಿತ್ಯನನ್ನು ಓದಿಸುತ್ತಿದ್ದೇನೆ. ಮುಂದಿನ ವಾರ ಪಂಚರಾಶಿಕ. ಕರಿಹಲಗೆಯ ಮೇಲೆ ಲೆಕ್ಕ ಬಿಡಿಸುವವಳು ಅವಳೇ.