ಮರಣಶಾಸನದಲ್ಲಿ ಉಳಿದ ಒಂದು ಪದ: ಸೂರತ್ತಿನ ಎಲಿಜಾ ಕೆವಾರ್ಕ್‌ಳ ವಂಶದ ಹುಡುಕಾಟ

ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯಿಂದ ಬಂದು ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಸೇರಿದ ಥಿಯೊಡೋರ್ ಫೋರ್ಬ್ಸ್ 1820ರಲ್ಲಿ ತೀರಿಕೊಂಡ. ಊರಿಗೆ ಹಿಂತಿರುಗುವ ಹಡಗಿನಲ್ಲೇ ಪ್ರಾಣ ಹೋಯಿತು. ಆಗ ಆತನಿಗೆ ಇನ್ನೂ ಮೂವತ್ತೆರಡರ ಆಸುಪಾಸು. ಆತ ಬಿಟ್ಟುಹೋದ ಉಯಿಲಿನಲ್ಲಿ ಸೂರತ್ತಿನ ಹೆಂಗಸೊಬ್ಬಳ ಪ್ರಸ್ತಾಪವಿದೆ. ಹೆಸರು ಎಲಿಜಾ ಕೆವಾರ್ಕ್. ಹೆಸರಿನ ಜೊತೆಗಿರುವ ಗುರುತು ‘ಹೌಸ್‌ಕೀಪರ್’, ಅಂದರೆ ಮನೆವಾರ್ತೆ ನೋಡಿಕೊಳ್ಳುವವಳು. ಆತನಿಗೆ ಮಕ್ಕಳನ್ನು ಹೆತ್ತವಳು ಇವಳೇ. ಅದೇ ಉಯಿಲು ಇವಳ ಮಗಳು ಕ್ಯಾಥರೀನಳನ್ನು ‘ನನ್ನದೆಂದು ಹೇಳಲಾಗುವ ಸಹಜ ಮಗಳು’ ಎಂದು ಕರೆಯುತ್ತದೆ.

ಉಯಿಲಿಗೆ ನಮ್ಮಲ್ಲಿ ಮರಣಶಾಸನ ಎಂಬ ಮಾತೂ ಇದೆ. ಒಳ್ಳೆಯ ಮಾತು ಅದು. ಕಲ್ಲಿನ ಶಾಸನದ ಹಾಗೆಯೇ ಇದೂ ಬರೆಸಿದವನು ಹೋದ ಮೇಲೂ ಮಾತಾಡುತ್ತದೆ. ಬರೆಸಿದವನಿಗೆ ಬೇಕಾದದ್ದನ್ನೇ ಆಡುತ್ತದೆ. ಎಲಿಜಾಳ ವಿಷಯದಲ್ಲಿ ಈ ಶಾಸನದ ಒಂದೇ ಒಂದು ಪದ ಹೆಚ್ಚುಕಡಿಮೆ ಇನ್ನೂರು ವರ್ಷ ಅವಳ ಇಡೀ ಬಾಳಿಗೆ ಹಣೆಪಟ್ಟಿಯಾಗಿ ನಿಂತಿತು. ಆ ಪದ ಎಲ್ಲಿಂದ ಬಂತು, ಬೇರೆ ದಾಖಲೆಗಳು ಅದನ್ನು ಎಷ್ಟು ಒಪ್ಪುತ್ತವೆ ಎಂದು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರು. ಕೆವಾರ್ಕ್ ಎನ್ನುವುದು ಅರ್ಮೇನಿಯನ್ ಹೆಸರು. ಗೆವೋರ್ಗ್, ಕೆವೋರ್ಕ್ ಎಂದೆಲ್ಲ ಉಚ್ಚರಿಸುತ್ತಾರೆ, ನಾವು ಜಾರ್ಜ್ ಎನ್ನುವುದಕ್ಕೆ ಅದು ಸಮ. ಪರ್ಷಿಯಾದ ಶಾ ಅಬ್ಬಾಸ್ ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅರ್ಮೇನಿಯನ್ನರನ್ನು ಅವರ ನೆಲದಿಂದ ಎಬ್ಬಿಸಿ ಇಸ್ಫಹಾನಿನ ಪಕ್ಕದ ಹೊಸ ಜುಲ್ಫಾದಲ್ಲಿ ನೆಲೆಗೊಳಿಸಿದ. ಅಲ್ಲಿಂದ ಅವರ ವ್ಯಾಪಾರದ ಬಳ್ಳಿ ಸೂರತ್, ಆಗ್ರಾ, ಮದರಾಸು, ಕಲ್ಕತ್ತೆಗಳಿಗೆ ಹಬ್ಬಿತು. 1688ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೇ ಇವರ ಜೊತೆ ಒಪ್ಪಂದ ಮಾಡಿಕೊಂಡಿತು. ಜಗತ್ತಿನ ಮೊದಲ ಅರ್ಮೇನಿಯನ್ ನಿಯತಕಾಲಿಕೆ ‘ಅಜ್ದರಾರ್’ ಹುಟ್ಟಿದ್ದು ಮದರಾಸಿನಲ್ಲಿ, 1794ರಲ್ಲಿ. ಸೂರತ್ತಿನಲ್ಲಿ ಅವರ ಹಳೆಯ ಗೋರಿಗಳು ಇಂದಿಗೂ ಇವೆ. ಹೀಗಿರುವಾಗ ಅಂಥ ಹೆಸರು ಹೊತ್ತ ಹೆಣ್ಣನ್ನು ಗುರುತು ಪರಿಚಯವಿಲ್ಲದ ಆಳುಮಗಳೆಂದು ಓದುವುದು ದಾಖಲೆಗೆ ಮಾಡುವ ಅನ್ಯಾಯ. ಆಕೆಯ ಹಿಂದೆ ಒಂದು ಸಮುದಾಯ, ಒಂದು ಚರ್ಚು, ಒಂದು ಲಿಪಿ ಇದ್ದವು.

ಕ್ಯಾಥರೀನ್ ಹುಟ್ಟಿದ್ದು 1812ರಲ್ಲಿ. ಅವಳ ತಮ್ಮ ಅಲೆಕ್ಸಾಂಡರ್. ಫೋರ್ಬ್ಸ್ ಮುಂದೆ ಮುಂಬಯಿಗೆ ಹೋಗಿ ಅಲ್ಲಿಯ ವ್ಯಾಪಾರದಲ್ಲಿ ತೊಡಗಿಕೊಂಡ. ಎಲಿಜಾ ಸೂರತ್ತಿನಲ್ಲೇ ಉಳಿದಳು. ಅಲ್ಲಿಂದ ಆಕೆ ಆತನಿಗೆ ಪತ್ರಗಳನ್ನು ಬರೆದಳು, ತನ್ನನ್ನು ಕರೆಸಿಕೊಳ್ಳಬೇಕೆಂದು ಬೇಡಿದಳು. ಕರೆ ಬರಲಿಲ್ಲ. ಮಗಳಿಗೆ ಆರು ವರ್ಷವಾಗುತ್ತಲೇ ಸ್ಕಾಟ್ಲೆಂಡಿಗೆ, ತಂದೆಯ ಕಡೆಯವರ ಆಶ್ರಯಕ್ಕೆ ಕಳಿಸಿಬಿಟ್ಟರು.

ಈ ಕಳಿಸುವಿಕೆಯ ಹಿಂದೆ ಆ ಕಾಲದ ಕಾನೂನಿನ ನೆರಳಿದೆ. 1791ರಲ್ಲಿ ಕಂಪನಿ ಒಂದು ನಿಯಮ ಮಾಡಿ, ಭಾರತೀಯ ತಾಯಿಯ ಮಕ್ಕಳಿಗೆ ತನ್ನ ಸಿವಿಲ್ ಮತ್ತು ಸೈನಿಕ ಹುದ್ದೆಗಳ ಬಾಗಿಲು ಹಾಕಿತು. ಅಲ್ಲಿಂದಾಚೆಗೆ ಕೈಯಲ್ಲಿ ಕಾಸಿದ್ದ ತಂದೆಯರು, ಮಕ್ಕಳು ಬಿಳಿಯರಂತೆ ಕಂಡರೆ, ಎಳವೆಯಲ್ಲೇ ಹಡಗು ಹತ್ತಿಸತೊಡಗಿದರು. ಮಕ್ಕಳ ಭವಿಷ್ಯಕ್ಕೆಂದು ತೆತ್ತ ಬೆಲೆಯಲ್ಲಿ ತಾಯಿಯ ಪಾಲೇ ದೊಡ್ಡದು. ಆದರೆ ಅದು ಯಾವ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ.

ಈಗ ಉಯಿಲಿನ ಆ ಎರಡು ಪದಗಳಿಗೆ ಬರೋಣ. ‘ಸಹಜ ಮಗಳು’, ಅದರಲ್ಲೂ ‘ನನ್ನದೆಂದು ಹೇಳಲಾಗುವ’ ಎಂಬ ಮಾತು ಇಂದಿನ ಕಿವಿಗೆ ತಂದೆಯೇ ಕೈ ತೊಳೆದುಕೊಂಡಂತೆ ಕೇಳುತ್ತದೆ. ಹಲವರು ಹಾಗೆಯೇ ಓದಿದ್ದಾರೆ. ನನ್ನ ಓದು ಬೇರೆ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಉಯಿಲಿನಲ್ಲಿ ಬರುವ ‘ನನ್ನ ಮಕ್ಕಳು’ ಎಂಬ ಮಾತಿಗೆ ವಿವಾಹದಲ್ಲಿ ಹುಟ್ಟಿದ ಮಕ್ಕಳು ಎಂದಷ್ಟೇ ಅರ್ಥ. ವಿವಾಹದ ಹೊರಗೆ ಹುಟ್ಟಿದ ಮಗು ಕಾನೂನಿನ ಕಣ್ಣಿಗೆ ಯಾರ ಮಗುವೂ ಅಲ್ಲ. ಅಂಥ ಮಗುವಿಗೆ ಆಸ್ತಿ ಸೇರಬೇಕಾದರೆ ಹೆಸರು ಹಿಡಿದು, ಇಂಥವನ ಮಗುವೆಂದು ಜನ ಬಲ್ಲರು ಎಂಬುದನ್ನು ಕಾಣಿಸಿ ಬರೆಯುವುದೇ ಕ್ಷೇಮ. ಇಲ್ಲವಾದರೆ ನಾಳೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿ ಮಗುವಿನ ಪಾಲನ್ನು ಕಿತ್ತುಕೊಳ್ಳಬಹುದು. ಹಾಗಾಗಿ ಆ ಪದ ವಕೀಲನ ಎಚ್ಚರದ ಪದ. ಮಗಳನ್ನು ಅಲ್ಲಗಳೆಯಲು ಬರೆದದ್ದಲ್ಲ, ಅವಳ ಪಾಲು ಉಳಿಯಲಿ ಎಂದು ಬರೆದದ್ದು.

ಹೈದರಾಬಾದಿನ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕಿರ್ಕ್‌ಪ್ಯಾಟ್ರಿಕ್‌ನ ಉಯಿಲನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಆತ ಖೈರುನ್ನೀಸಾಳನ್ನು ಮುಸ್ಲಿಂ ಪದ್ಧತಿಯಂತೆ ಮದುವೆಯಾಗಿದ್ದ. ಮಕ್ಕಳ ಮೇಲೆ ಅವನಿಗಿದ್ದ ಪ್ರೀತಿಯನ್ನು ಯಾರೂ ಶಂಕಿಸಿಲ್ಲ. ಆದರೂ ಉಯಿಲಿನಲ್ಲಿ ಅವರನ್ನು ‘ಸಹಜ ಮಕ್ಕಳು’ ಎಂದೇ ಬರೆಸಿದ, ಏಕೆಂದರೆ ಆ ಮದುವೆಯನ್ನು ಇಂಗ್ಲಿಷ್ ಕೋರ್ಟು ಒಪ್ಪುತ್ತದೆಂಬ ಭರವಸೆ ಇರಲಿಲ್ಲ. 1805ರಲ್ಲಿ ಸಾಹಿಬ್ ಆಲಂ ಮತ್ತು ಸಾಹಿಬ್ ಬೇಗಂ ಎಂಬ ಆ ಪುಟ್ಟ ಮಕ್ಕಳು ಮದರಾಸಿನಲ್ಲಿ ಹಡಗು ಹತ್ತಿದರು. ಅದೇ ಅಕ್ಟೋಬರಿನಲ್ಲಿ ತಂದೆ ಕಲ್ಕತ್ತೆಯಲ್ಲಿ ತೀರಿಕೊಂಡ. 1806ರ ಮಾರ್ಚಿನಲ್ಲಿ ಲಂಡನ್ನಿನ ಮೇರಿಲೆಬೋನ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಅವರು ವಿಲಿಯಂ ಜಾರ್ಜ್ ಮತ್ತು ಕ್ಯಾಥರೀನ್ ಅರೋರಾ ಆದರು. ತಾಯಿ 1813ರಲ್ಲಿ ಸತ್ತಳು, ಮಕ್ಕಳ ಮುಖ ಮತ್ತೆ ಕಾಣಲಿಲ್ಲ.

ಇಲ್ಲೊಂದು ಚಿತ್ರದ ಕಥೆ ಹೇಳಲೇಬೇಕು. ಹಡಗು ಹತ್ತುವ ಮೊದಲು ಜಾರ್ಜ್ ಚಿನ್ನರಿ ಆ ಮಕ್ಕಳನ್ನು ಚಿತ್ರಿಸಿದ್ದ. ಹೈದರಾಬಾದಿನ ಉಡುಪಿನಲ್ಲಿ ಅಣ್ಣತಂಗಿ ಮೆಟ್ಟಿಲ ಮೇಲೆ ನಿಂತಿದ್ದಾರೆ. ಆ ಚಿತ್ರ ಮುಂದೆ ಕಿರ್ಕ್‌ಪ್ಯಾಟ್ರಿಕ್‌ನ ಸಹಾಯಕನಾಗಿದ್ದ ಹೆನ್ರಿ ರಸ್ಸೆಲ್‌ನ ಕೈಸೇರಿ ಇಂಗ್ಲೆಂಡಿನ ಅವನ ಮನೆಯ ಗೋಡೆಯಲ್ಲಿತ್ತು. ದೊಡ್ಡವಳಾದ ಕ್ಯಾಥರೀನ್ ಅರೋರಾ ಒಮ್ಮೆ ಆ ಮನೆಗೆ ಹೋದಾಗ ಅದನ್ನು ಕಂಡು ಅತ್ತುಬಿಟ್ಟಳು. ರಸ್ಸೆಲ್ ತನ್ನ ಉಯಿಲಿನಲ್ಲಿ ಆ ಚಿತ್ರವನ್ನು ಅವಳಿಗೆ ಬಿಟ್ಟುಕೊಟ್ಟ. 1841ರಲ್ಲಿ ಆಕೆ ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ತಾಯಿಯ ತಾಯಿ ಶರಫುನ್ನೀಸಾಳಿಗೆ ಪತ್ರ ಬರೆಯತೊಡಗಿದಳು. ಒಂದು ಉಯಿಲು ಮಗಳನ್ನು ಕಾನೂನಿನ ಪದದಲ್ಲಿ ಬಂಧಿಸಿತು, ಇನ್ನೊಂದು ಅವಳ ಬಾಲ್ಯವನ್ನು ಅವಳ ಕೈಗೇ ಹಿಂತಿರುಗಿಸಿತು. ಹಾಗೆಂದೇ ಒಂದೇ ಉಯಿಲು ಓದಿ ತೀರ್ಪು ಕೊಡಬಾರದು.

ಆದರೆ ‘ಹೌಸ್‌ಕೀಪರ್’ ಎಂಬ ಪದಕ್ಕೆ ಇಂಥ ಕಾನೂನಿನ ನೆಪ ನನಗೆ ಕಾಣುವುದಿಲ್ಲ. ಹೆಸರು ಬರೆದ ಮೇಲೆ, ‘ನನ್ನ ಮಕ್ಕಳ ತಾಯಿ’ ಎಂದು ಬರೆಯಲು ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ. ಕಿರ್ಕ್‌ಪ್ಯಾಟ್ರಿಕ್ ಹಾಗೆಯೇ ಬರೆದ, ಗೌರವದ ಮಾತುಗಳನ್ನೂ ಸೇರಿಸಿದ. ಫೋರ್ಬ್ಸ್ ಬರೆಯಲಿಲ್ಲ. ಊರಿನಲ್ಲಿ ಆ ಕಾಗದವನ್ನು ಓದುವವರ ಮುಂದೆ ಮರ್ಯಾದೆ ಉಳಿಸಿಕೊಳ್ಳುವುದು ಅವನಿಗೆ ಮುಖ್ಯವಾಗಿತ್ತು ಎಂದೇ ನಾನು ತಿಳಿಯುತ್ತೇನೆ.

ಹಾಗೆ ನೋಡಿದರೆ ಎಲಿಜಾ ಅದೃಷ್ಟವಂತಳು. ಅವಳ ಹೆಸರಾದರೂ ಉಳಿಯಿತು. ವಿಲಿಯಂ ಡಾಲ್ರಿಂಪಲ್ ‘ವೈಟ್ ಮುಘಲ್ಸ್’ನಲ್ಲಿ ಕೊಟ್ಟಿರುವ ಲೆಕ್ಕದಂತೆ 1780ರಿಂದ 1785ರ ನಡುವಿನ ಉಯಿಲುಗಳಲ್ಲಿ ಮೂರರಲ್ಲೊಂದು ಭಾರತೀಯ ಸಂಗಾತಿಗೋ ಅವಳ ಮಕ್ಕಳಿಗೋ ಏನಾದರೂ ಬಿಟ್ಟಿದೆ. 1805–10ರ ಹೊತ್ತಿಗೆ ಅದು ನಾಲ್ಕರಲ್ಲೊಂದಕ್ಕೆ ಇಳಿಯಿತು, 1830ಕ್ಕೆ ಆರರಲ್ಲೊಂದಕ್ಕೆ. ಶತಮಾನದ ನಡುವಿನ ವೇಳೆಗೆ ಹೆಚ್ಚುಕಡಿಮೆ ಮಾಯ. ಇಂಥ ಉಯಿಲುಗಳನ್ನು ಆಳವಾಗಿ ಅಧ್ಯಯನ ಮಾಡಿದ ದುರ್ಬಾ ಘೋಷ್ ತೋರಿಸಿದಂತೆ, ಅವುಗಳಲ್ಲಿ ಹೆಂಗಸರಿಗೆ ಎಷ್ಟೋ ಸಲ ಹೆಸರೇ ಇಲ್ಲ, ಇದ್ದರೂ ಅರ್ಧ ಹೆಸರು. ನಮ್ಮ ಊರೂರುಗಳ ಮಾಸ್ತಿಗಲ್ಲುಗಳನ್ನು ನೆನೆಯಿರಿ. ಬಳೆ ತೊಟ್ಟು ಎತ್ತಿದ ಒಂದು ಕೈ ಕಲ್ಲಿನಲ್ಲಿ ಮೂಡಿರುತ್ತದೆ, ಅನೇಕ ಕಡೆ ಹೆಸರಿರುವುದಿಲ್ಲ. 1007ರ ಲಕ್ಕುಂಡಿಯ ಶಾಸನ ಅತ್ತಿಮಬ್ಬೆಯ ಹೆಸರನ್ನೂ ಕುಲವನ್ನೂ ಕೊಂಡಾಡುತ್ತದೆ, ಏಕೆಂದರೆ ಬಸದಿ ಕಟ್ಟಿಸಿದವಳು ಆಕೆ. ಯಾರ ಕೈಯಲ್ಲಿ ದಾನದ ಹಣವಿತ್ತೋ ಅವರ ಹೆಸರು ಉಳಿಯಿತು. ಮರಣಶಾಸನಕ್ಕೂ ಇದೇ ಮಾತು.

ಇನ್ನು ಎಲಿಜಾಳ ಪತ್ರಗಳು. ಅವು ಉಳಿದದ್ದು ಅವಳ ಮನೆಯಲ್ಲಲ್ಲ, ಫೋರ್ಬ್ಸ್ ಮನೆತನದ ಕಾಗದಗಳ ನಡುವೆ. ಹೆಣ್ಣಿನ ದನಿ ಬೇಕಿದ್ದರೂ ಗಂಡಿನ ಕಟ್ಟನ್ನೇ ಬಿಚ್ಚಬೇಕು. ಆ ಪತ್ರಗಳಲ್ಲಿ ಅರ್ಮೇನಿಯನ್ ಲಿಪಿಯ ಬರಹವೂ ಇದೆ. ಉಯಿಲಿನ ಪದವನ್ನು ಬರೆಸಿದವನು ಫೋರ್ಬ್ಸ್. ಈ ಲಿಪಿ ಎಲಿಜಾಳದು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಬೆಲೆ ಕೊಡಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಕ್ಯಾಥರೀನ್ ಸ್ಕಾಟ್ಲೆಂಡಿನಲ್ಲೇ ಬೆಳೆದು, ಉಣ್ಣೆ ಬಟ್ಟೆಯ ಗಿರಣಿಗೆ ಹೆಸರಾದ ಕ್ರೋಂಬಿ ಮನೆತನದ ಜೇಮ್ಸ್ ಕ್ರೋಂಬಿಯನ್ನು ಮದುವೆಯಾದಳು. ಅವಳ ಮಗಳು ಜೇನ್. ಜೇನಳ ಮಗಳು ರೂತ್ ಲಿಟ್ಲ್‌ಜಾನ್. ಅವಳ ಮಗಳು ರೂತ್ ಗಿಲ್, ಲೇಡಿ ಫರ್ಮಾಯ್ ಎಂದು ಪ್ರಸಿದ್ಧಳು (1908–1993). ಅವಳ ಮಗಳು ಫ್ರಾನ್ಸಸ್. ಫ್ರಾನ್ಸಸ್‌ಳ ಮಗಳು ವೇಲ್ಸ್‌ನ ರಾಜಕುಮಾರಿ ಡಯಾನಾ. ತಾಯಿಯಿಂದ ಮಗಳಿಗೆ, ನಡುವೆ ಒಬ್ಬ ಗಂಡೂ ಬಾರದೆ ಹರಿದ ಸಾಲಿದು. ಮದುವೆಯಾದಾಗಲೆಲ್ಲ ಹೆಣ್ಣಿನ ಮನೆತನದ ಹೆಸರು ಬದಲಾಗುವುದರಿಂದ ಚರ್ಚಿನ ಮದುವೆ ಪುಸ್ತಕ ಮತ್ತು ಜನನದ ದಾಖಲೆಗಳನ್ನು ಪ್ರತಿ ತಲೆಮಾರಿಗೂ ಜೋಡಿಸಿದರೆ ಮಾತ್ರ ಇಂಥ ಸಾಲು ಕೈಗೆ ಸಿಗುತ್ತದೆ.

2013ರ ಜೂನಿನಲ್ಲಿ ಈ ಸಾಲು ಪತ್ರಿಕೆಗಳ ಮುಖಪುಟಕ್ಕೆ ಬಂತು. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು, ಇದೇ ಹೆಣ್ಣುಸಾಲಿನ ದೂರದ ಸಂಬಂಧಿಗಳಿಂದ ಪಡೆದು ಪರೀಕ್ಷಿಸಿದ್ದರು. ಸಿಕ್ಕಿದ್ದು ಆರ್30ಬಿ ಎಂಬ ಬಲು ಅಪರೂಪದ, ದಕ್ಷಿಣ ಏಷ್ಯಾದಲ್ಲೇ ಕಾಣುವ ಗುಂಪು. ‘ಎಲಿಜಾ ಅರ್ಮೇನಿಯನ್ ಅಲ್ಲ, ಭಾರತೀಯಳು’ ಎಂದು ಹಲವರು ಷರಾ ಬರೆದರು. ನನಗೆ ಈ ಆತುರ ಒಪ್ಪಿಗೆಯಿಲ್ಲ. ಈ ಪರೀಕ್ಷೆ ಹೇಳುವುದು ಅವಳ ತಾಯಿಯ ತಾಯಿಯ ತಾಯಿಯ ಸಾಲನ್ನು ಮಾತ್ರ. ತಂದೆಯ ಕಡೆಯ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಅರ್ಮೇನಿಯನ್ ವ್ಯಾಪಾರಿ ಸೂರತ್ತಿನ ಹೆಣ್ಣನ್ನು ಮದುವೆಯಾಗಿ, ಮಕ್ಕಳು ಅರ್ಮೇನಿಯನ್ನರಾಗಿ ಬೆಳೆದಿದ್ದರೆ ಎರಡೂ ದಾಖಲೆಗಳು ಒಟ್ಟಿಗೇ ನಿಜವಾಗುತ್ತವೆ. ಅಲ್ಲದೆ ಲೆಕ್ಕ ಹಾಕಿ ನೋಡಿ: ಡಯಾನಾಳ ಮಗ ರಾಜಕುಮಾರ ವಿಲಿಯಂನಿಂದ ಏಳು ತಲೆಮಾರು ಹಿಂದೆ ಹೋದರೆ ಒಟ್ಟು 128 ಪೂರ್ವಜರ ಸ್ಥಾನಗಳು, ಅದರಲ್ಲಿ 64 ಹೆಂಗಸರದು. ಎಲಿಜಾ ಆ 64ರಲ್ಲಿ ಒಬ್ಬಳು. ಪತ್ರಿಕೆಗಳಿಗೆ ಅರಮನೆ ಮುಖ್ಯವಾಯಿತು. ಸೂರತ್ತಿನಲ್ಲಿ ಕಾದು ಕೂತವಳು ಮತ್ತೆ ಇನ್ನೊಬ್ಬರ ಕಥೆಗೆ ಅಡಿಟಿಪ್ಪಣಿಯಾದಳು.

ಇಂಥ ಹುಡುಕಾಟಕ್ಕೆ ಇಳಿಯುವವರಿಗೆ ಕೆಲವು ದಾರಿಗಳಿವೆ. 1726ರ ಸನದಿನಿಂದ ಮದರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ಮೇಯರ್ ಕೋರ್ಟುಗಳು ಬಂದವು. ಉಯಿಲುಗಳನ್ನು ಪ್ರಮಾಣೀಕರಿಸುವ ಅಧಿಕಾರ ಅವಕ್ಕಿತ್ತು. ಅವುಗಳ ಮತ್ತು ಮುಂದಿನ ಕೋರ್ಟುಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಉಯಿಲಿನ ಜೊತೆಗೇ ಸತ್ತವನ ಸಾಮಾನಿನ ಪಟ್ಟಿ ಮತ್ತು ಆಸ್ತಿಯ ಲೆಕ್ಕವನ್ನೂ ತೆರೆದು ನೋಡಬೇಕು. ಉಯಿಲು ಮಾತು ಕೊಡುತ್ತದೆ. ಹಣ ನಿಜವಾಗಿ ಆ ಹೆಂಗಸಿನ ಕೈಸೇರಿತೇ ಎಂಬುದನ್ನು ಹೇಳುವುದು ಲೆಕ್ಕ. ಮಾಸಾಶನ ಎಂದಿಗೆ ನಿಂತಿತೋ ಆ ತಿಂಗಳು ಕೆಲವೊಮ್ಮೆ ಅವಳ ಸಾವಿನ ಸುಳಿವನ್ನೇ ಕೊಡುತ್ತದೆ, ಬೇರೆಲ್ಲೂ ಅದು ಬರೆದಿರದಿದ್ದರೂ.

ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಅಂಥ ಹೆಸರನ್ನು ಒಮ್ಮೆ ಕನ್ನಡದಲ್ಲಿ ಬರೆದು ಗಟ್ಟಿಯಾಗಿ ಓದಿ ನೋಡಿ. ಗುಮಾಸ್ತನ ಕಾಗುಣಿತದ ಒಳಗಿಂದ ಮೂಲ ಹೆಸರು ಎದ್ದು ಬರುವುದುಂಟು.

1809ರಲ್ಲಿ ದಂಡು ಬಂದು ನೆಲೆಸಿದ ಬೆಂಗಳೂರು ಮದರಾಸಿನ ಸೈನ್ಯಕ್ಕೆ ಸೇರಿತ್ತು. ಆದ್ದರಿಂದ ದಂಡಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆಗಳ ಪ್ರತಿಗಳನ್ನು ಲಂಡನ್ನಿನಲ್ಲಿ ಮದರಾಸಿನ ಸಾಲಿನಲ್ಲಿ, ಎನ್/2 ಎಂಬ ಗುರುತಿನಡಿ ಹುಡುಕಬೇಕು. ಬೆಂಗಳೂರು, ಮೈಸೂರು, ಮಡಿಕೇರಿಗಳ ಹಳೆಯ ಕುಟುಂಬಗಳಲ್ಲಿ ಇಂಥ ಅಜ್ಜಿಯ ಅಜ್ಜಿಯ ಕಾಗದಗಳು ಟ್ರಂಕಿನ ತಳದಲ್ಲಿ ಇರಬಹುದು: ಒಂದು ಉಯಿಲಿನ ನಕಲು, ದೀಕ್ಷಾಸ್ನಾನದ ಒಂದು ಚೀಟಿ, ಮಾಸಾಶನದ ಒಂದು ರಸೀದಿ, ಓದಲು ಬಾರದ ಲಿಪಿಯ ಒಂದು ಸಹಿ. ಮನೆ ಬದಲಿಸುವಾಗ ಅವನ್ನು ರದ್ದಿಗೆ ಹಾಕಬೇಡಿ. ಓದಲು ಬರದಿದ್ದರೆ ಓದಬಲ್ಲವರಿಗೆ ತೋರಿಸಿ, ಅದಕ್ಕೂ ಮೊದಲು ಆ ಕಾಗದದಲ್ಲಿರುವ ಹೆಂಗಸಿನ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.