ಮನೆ ಕಟ್ಟಿಕೊಂಡು ಕೈರೋಗೆ
ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ದೇಶ ಸುತ್ತುವ ಹುಚ್ಚನ್ನು ಅಮೆರಿಕನ್ನರಿಗೆ ಹತ್ತಿಸಿದವರಲ್ಲಿ ವಾಲಿ ಬಯಮ್ ಒಬ್ಬ. ‘ಏರ್‌ಸ್ಟ್ರೀಮ್’ ಎಂಬ ಹೊಳೆಯುವ ಅಲ್ಯೂಮಿನಿಯಂ ಟ್ರೇಲರುಗಳ ತಯಾರಕ. ಅಂದಮೇಲೆ ಪ್ರವಾಸದಲ್ಲಿ ವ್ಯಾಪಾರವೂ ಇತ್ತೆನ್ನಿ.

1951ರಲ್ಲಿ ಅವನ ಮೊದಲ ದಂಡು ಹೊರಟಿತು. ಮೆಕ್ಸಿಕೋ ದಾಟಿ ಮಧ್ಯ ಅಮೆರಿಕಕ್ಕೆ ಹೋಗಬೇಕಿದ್ದ 63 ಟ್ರೇಲರುಗಳಲ್ಲಿ ಹೆಚ್ಚಿನವು ಕೊನೆ ಮುಟ್ಟಲೇ ಇಲ್ಲ. ನಕ್ಷೆಯಲ್ಲಿ ರಸ್ತೆಯಿದ್ದರೆ ಸಾಲದು. ಘಟ್ಟ ಹತ್ತುವಾಗ ಎಂಜಿನ್ನು, ಇಳಿಯುವಾಗ ಬ್ರೇಕು ಅಷ್ಟೂ ಭಾರವನ್ನು ತಡೆಯಬೇಕು.

ಬಯಮ್ ಬಿಡಲಿಲ್ಲ. 1959ರಲ್ಲಿ 41 ಟ್ರೇಲರುಗಳು ಕೇಪ್‌ಟೌನಿನಿಂದ ಕೈರೋದತ್ತ ಸಾಗಿದವು. ಇಥಿಯೋಪಿಯಾದ ದಾರಿಗಳು ಹಣ್ಣುಮಾಡಿದರೂ, ಅಡಿಸ್ ಅಬಾಬಾದಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯ ಭೇಟಿಯಾಯಿತು. ಕೊನೆಗೆ ಗೀಜಾದ ಪಿರಮಿಡ್ಡುಗಳ ಬಳಿ ಬೀಡುಬಿಟ್ಟರು. 1960ರಲ್ಲಿ ಬಯಮ್‌ನ ಟ್ರೇಲರ್ ಪ್ರವಾಸದ ಕೈಪಿಡಿಯೂ ಅಚ್ಚಾಯಿತು.