ಓಟಗಾರರಿಗೆ ಪ್ರತಿಮೆ, ಓಟಕ್ಕೆ ಬೀಗ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಎತ್ತರದ ಪ್ರತಿಮೆಯೊಂದಿದೆ. ಪದಕ ಗೆದ್ದವರು ನಿಲ್ಲುವ ಮೂರು ಸ್ಥಾನಗಳ ವೇದಿಕೆ. ಮೊದಲ ಸ್ಥಾನದಲ್ಲಿ ನಿಂತವನು ಬಲಗೈ ಮುಷ್ಟಿ ಎತ್ತಿದ್ದಾನೆ, ಮೂರನೆಯ ಸ್ಥಾನದಲ್ಲಿರುವವನು ಎಡಗೈ ಮುಷ್ಟಿ. ಎರಡನೆಯ ಸ್ಥಾನ ಖಾಲಿ. ನೋಡಲು ಬಂದವರು ಅಲ್ಲಿ ಹತ್ತಿ ನಿಲ್ಲಬಹುದು.

1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಗತ್ತೇ ನೋಡಿದ ದೃಶ್ಯ ಅದು. ಮುಷ್ಟಿ ಎತ್ತಿದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಇಬ್ಬರೂ ಇದೇ ಸಂಸ್ಥೆಯ ವಿದ್ಯಾರ್ಥಿಗಳು. 2005ರ ಅಕ್ಟೋಬರ್‌ನಲ್ಲಿ ವಿಶ್ವವಿದ್ಯಾಲಯ ಅವರ ಪ್ರತಿಮೆಯನ್ನು ಅನಾವರಣ ಮಾಡಿತು. ಸೋಜಿಗವೆಂದರೆ, ಅಂದು ಆ ವಿಶ್ವವಿದ್ಯಾಲಯದಲ್ಲಿ ಪುರುಷರ ಟ್ರ್ಯಾಕ್ ತಂಡವೇ ಇರಲಿಲ್ಲ. ಖರ್ಚು ತೂಗಿಸಲಾಗದೆಂದು 1988ರಲ್ಲೇ ಅದನ್ನು ಮುಚ್ಚಲಾಗಿತ್ತು!

ಓಟಗಾರರಿಗೆ ಪ್ರತಿಮೆ ಕಟ್ಟಿದ ಸಂಸ್ಥೆ ಓಟವನ್ನೇ ಏಕೆ ಕೈಬಿಟ್ಟಿತು? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಿಕ್ಷಕರ ಶಾಲೆಯಿಂದ ಶುರು

ನಮ್ಮಲ್ಲಿ ಕ್ರೀಡಾಪಟುಗಳಿಗೆ ಆಸರೆಯಾಗಿರುವುದು ಹೆಚ್ಚಾಗಿ ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಲಿಂಪಿಕ್ಸ್‌ಗೆ ಹೋಗುವ ದಾರಿ ಬಹುಮಟ್ಟಿಗೆ ವಿಶ್ವವಿದ್ಯಾಲಯದ ಮೈದಾನದ ಮೂಲಕವೇ ಹಾದುಹೋಗುತ್ತದೆ. ಚೆನ್ನಾಗಿ ಓಡುವ ಹುಡುಗನಿಗೆ ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಳ್ಳುತ್ತಾರೆ. ಅವನ ಕೋಚ್ ವಿಶ್ವವಿದ್ಯಾಲಯದ ನೌಕರ. ಅವನು ಗೆದ್ದರೆ ಕೀರ್ತಿ ಸಂಸ್ಥೆಗೆ.

ಸಿಲಿಕಾನ್ ಕಣಿವೆಯ ಸ್ಯಾನ್ ಹೊಸೆ ಇಂದು ಕನ್ನಡಿಗರಿಗೆ ಅಪರಿಚಿತ ಊರಲ್ಲ. ಸಾಫ್ಟ್‌ವೇರ್ ಉದ್ಯೋಗ ಹಿಡಿದು ಹೋದ ಅನೇಕರು ಅಲ್ಲಿ ನೆಲೆಸಿದ್ದಾರೆ. ಆದರೆ ಅಲ್ಲಿನ ವಿಶ್ವವಿದ್ಯಾಲಯ ಕಂಪ್ಯೂಟರ್‌ಗಿಂತ ಬಹಳ ಹಳೆಯದು. 1857ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶಿಕ್ಷಕರಿಗಾಗಿ ತೆರೆದ ಸಂಜೆ ಶಾಲೆಯೇ ಅದರ ಮೂಲ. ಆಮೇಲೆ ಅದು ಸ್ಯಾನ್ ಹೊಸೆಗೆ ಬಂದು ಸ್ಟೇಟ್ ಕಾಲೇಜಾಯಿತು, 1970ರ ದಶಕದಲ್ಲಿ ವಿಶ್ವವಿದ್ಯಾಲಯವೆನಿಸಿತು. ನೆರೆಯಲ್ಲೇ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯಂಥ ಘಟಾನುಘಟಿಗಳು. ಅವುಗಳ ಮುಂದೆ ಇದು ಕೆಲಸಗಾರರ, ಕೃಷಿಕಾರ್ಮಿಕರ ಮಕ್ಕಳು ಓದುವ ಸಾಮಾನ್ಯ ಸರಕಾರಿ ಕಾಲೇಜು.

ಈ ಕಾಲೇಜಿನ ಕ್ರೀಡಾ ಇತಿಹಾಸಕ್ಕೆ ಎರಡು ಮುಖಗಳಿವೆ ಎಂಬುದಕ್ಕೆ ಅದರ ವ್ಯಾಯಾಮಶಾಲೆಯೇ ಸಾಕ್ಷಿ. ಎರಡನೆಯ ಮಹಾಯುದ್ಧದ ಸಮಯ, 1942ರಲ್ಲಿ, ಜಪಾನಿ ಮೂಲದ ಅಮೆರಿಕನ್ನರನ್ನು ಶಿಬಿರಗಳಿಗೆ ಅಟ್ಟುವ ಮುನ್ನ ಅವರ ಹೆಸರು ಬರೆದುಕೊಂಡದ್ದು ಇದೇ ಕಟ್ಟಡದಲ್ಲಿ. ಇಲ್ಲಿ ಜೂಡೊ ಕಲಿಸುತ್ತಿದ್ದ ವಿದ್ಯಾರ್ಥಿ ಯೋಶಿಹಿರೊ ಉಚಿಡಾ ಅಮೆರಿಕದ ಸೇನೆಯಲ್ಲಿ ದುಡಿಯುತ್ತಿದ್ದಾಗ ಅವರ ಕುಟುಂಬ ಇಂಥ ಶಿಬಿರಗಳ ಪಾಲಾಗಿತ್ತು. ಯುದ್ಧ ಮುಗಿದ ಮೇಲೆ ಉಚಿಡಾ ಮರಳಿ ಬಂದರು, ಮತ್ತೆ ಜೂಡೊ ಕಲಿಸಿದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೊ ಮೊದಲ ಬಾರಿಗೆ ಸೇರಿದಾಗ ಅಮೆರಿಕ ತಂಡಕ್ಕೆ ಅವರೇ ಕೋಚ್. 1997ರಲ್ಲಿ ಆ ಕಟ್ಟಡಕ್ಕೆ ಅವರದೇ ಹೆಸರಿಟ್ಟರು. 2024ರಲ್ಲಿ, 104ನೆಯ ವಯಸ್ಸಿನಲ್ಲಿ ಉಚಿಡಾ ತೀರಿಕೊಂಡರು. ಮೊದಲು ಅನ್ಯಾಯ, ಎಷ್ಟೋ ವರ್ಷಗಳ ನಂತರ ಗೌರವ. ಈ ಕ್ರಮ ಮುಂದೆಯೂ ಕಾಣಸಿಗುತ್ತದೆ.

ಸಡಿಲಬಿಟ್ಟರೆ ವೇಗ

ಅದೇ ಕಾಲೇಜಿಗೆ 1940ರ ದಶಕದ ಆರಂಭದಲ್ಲಿ ಟ್ರ್ಯಾಕ್ ಕೋಚ್ ಆಗಿ ಬಂದವರು ಲಾಯ್ಡ್ ವಿಂಟರ್. ಎಲ್ಲರ ಬಾಯಲ್ಲಿ ಬಡ್ ವಿಂಟರ್. ಯುದ್ಧಕಾಲದಲ್ಲಿ ನೌಕಾಪಡೆಯ ಎಳೆಯ ಪೈಲಟ್‌ಗಳಿಗೆ ಮೈಮನಸ್ಸಿನ ಬಿಗುವು ಕಳೆಯುವುದನ್ನು ಕಲಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಹೆದರಿಕೆಯಿಂದ ಸೆಟೆದುಕೊಂಡ ಪೈಲಟ್ ತಪ್ಪು ಮಾಡುತ್ತಾನೆ, ಸರಿಯಾಗಿ ನಿದ್ದೆಯನ್ನೂ ಮಾಡುವುದಿಲ್ಲ. ಅಲ್ಲಿ ಕಂಡುಕೊಂಡ ಪಾಠವನ್ನು ವಿಂಟರ್ ಟ್ರ್ಯಾಕ್‌ಗೆ ತಂದರು.

ಇದ್ದಬದ್ದ ಬಲವನ್ನೆಲ್ಲ ಹಾಕಿ ಹಲ್ಲುಕಚ್ಚಿ ಓಡಿದರೆ ವೇಗ ಹೆಚ್ಚುತ್ತದೆ ಎಂಬುದು ಎಲ್ಲರ ನಂಬಿಕೆ. ವಿಂಟರ್ ಹೇಳಿದ್ದು ಅದಕ್ಕೆ ತದ್ವಿರುದ್ಧ. ಹಲ್ಲುಕಚ್ಚಿದಾಗ ಕುತ್ತಿಗೆ, ಭುಜಗಳೂ ಬಿಗಿಯುತ್ತವೆ; ಓಟಕ್ಕೆ ಬೇಡದ ಸ್ನಾಯುಗಳು ಬೇಕಾದವುಗಳ ಕೆಲಸಕ್ಕೆ ಅಡ್ಡ ಬರುತ್ತವೆ. ದವಡೆ ಸಡಿಲಬಿಡಿ, ಕೈ ಸಡಿಲಬಿಡಿ, ಹತ್ತರಲ್ಲಿ ಒಂಬತ್ತು ಪಾಲು ಬಲ ಮಾತ್ರ ಹಾಕಿ ಎನ್ನುತ್ತಿದ್ದರು ಅವರು.

ಈ ವಿಧಾನ ಯಾವಾಗಲೂ ಗೆಲ್ಲಿಸಿತೆಂದಲ್ಲ. ನಮ್ಮ ಮಿಲ್ಖಾ ಸಿಂಗ್ 400 ಮೀಟರ್ ಓಟದಲ್ಲಿ ಕೂದಲೆಳೆಯಲ್ಲಿ ಪದಕ ಕಳೆದುಕೊಂಡ 1960ರ ರೋಮ್ ಒಲಿಂಪಿಕ್ಸ್‌ನಲ್ಲೇ ವಿಂಟರ್ ಅವರ ಶಿಷ್ಯ ರೇ ನಾರ್ಟನ್ 100 ಮತ್ತು 200 ಮೀಟರ್ ಫೈನಲ್‌ಗಳೆರಡರಲ್ಲೂ ಕೊನೆಯವರಾದರು. ಆದರೆ ವಿಂಟರ್ ಬಿಡಲಿಲ್ಲ. 1966ರಲ್ಲಿ ಟಾಮಿ ಸ್ಮಿತ್ ಸ್ಯಾನ್ ಹೊಸೆಯ ಸಿಂಡರ್ ಟ್ರ್ಯಾಕ್ ಮೇಲೆ ನೇರ ದಾರಿಯ 200 ಮೀಟರನ್ನು 19.5 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಮರುವರ್ಷ ಅದೇ ಊರಿನಲ್ಲಿ ತಂಡದ ಗೆಳೆಯ ಲೀ ಇವಾನ್ಸ್ ಅವರನ್ನು ಹಿಂದಿಕ್ಕಿ 400 ಮೀಟರಿನಲ್ಲಿ 44.5 ಸೆಕೆಂಡುಗಳ ಇನ್ನೊಂದು ವಿಶ್ವದಾಖಲೆ. ಪತ್ರಿಕೆಗಳು ಸ್ಯಾನ್ ಹೊಸೆಯನ್ನು ‘ಸ್ಪೀಡ್ ಸಿಟಿ’ ಎಂದು ಕರೆದವು.

ಮೈದಾನದಲ್ಲಿ ಚಪ್ಪಾಳೆ, ಬೀದಿಯಲ್ಲಿ ಬಾಗಿಲು ಬಂದ್

ಸ್ಮಿತ್ ಹುಟ್ಟಿದ್ದು ಟೆಕ್ಸಾಸ್‌ನಲ್ಲಿ, 12 ಮಕ್ಕಳ ಸಂಸಾರದಲ್ಲಿ. ಮನೆಮಂದಿಯೆಲ್ಲ ಕ್ಯಾಲಿಫೋರ್ನಿಯಾಕ್ಕೆ ಬಂದು ಹೊಲಗಳಲ್ಲಿ ಕೂಲಿ ಮಾಡಿದವರು. ಕಾರ್ಲೋಸ್ ನ್ಯೂಯಾರ್ಕ್‌ನ ಹಾರ್ಲೆಂನವರು. ಕಾಲೇಜಿನಲ್ಲಿ ಕಪ್ಪು ವಿದ್ಯಾರ್ಥಿಗಳೇ ಕಡಿಮೆ, ಇದ್ದವರಲ್ಲಿ ಹೆಚ್ಚಿನವರು ಕ್ರೀಡಾಪಟುಗಳು. ಓಡುವಾಗ ಚಪ್ಪಾಳೆ ತಟ್ಟುತ್ತಿದ್ದ ಊರಿನಲ್ಲಿ ಅವರಿಗೆ ಬಾಡಿಗೆಗೆ ಕೋಣೆ ಸಿಗುವುದೇ ಕಷ್ಟವಾಗಿತ್ತು. ಜಾತಿ ಕೇಳಿ ಮನೆ ಕೊಡುವವರನ್ನು ಕಂಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಿಟ್ಟಿಗೆ ದನಿ ಕೊಟ್ಟವರು ಹ್ಯಾರಿ ಎಡ್ವರ್ಡ್ಸ್. ಇದೇ ಕಾಲೇಜಿಗಾಗಿ ಡಿಸ್ಕಸ್ ಎಸೆದು, ಬಾಸ್ಕೆಟ್‌ಬಾಲ್ ಆಡಿ, ಆಮೇಲೆ ಸಮಾಜಶಾಸ್ತ್ರದ ಅಧ್ಯಾಪಕರಾಗಿ ಮರಳಿದವರು. 1967ರ ಸೆಪ್ಟೆಂಬರ್‌ನಲ್ಲಿ ಅವರ ನೇತೃತ್ವದಲ್ಲಿ ವಸತಿಯಲ್ಲಿನ ಭೇದಭಾವದ ವಿರುದ್ಧ ಪ್ರತಿಭಟನೆ ನಡೆಯಿತು. ವರ್ಷದ ಮೊದಲ ಫುಟ್‌ಬಾಲ್ ಪಂದ್ಯವನ್ನು ತಡೆಯುವುದಾಗಿ ಅವರು ಎಚ್ಚರಿಸಿದರು. ಕಾಲೇಜಿನ ಅಧ್ಯಕ್ಷ ರಾಬರ್ಟ್ ಕ್ಲಾರ್ಕ್ ಪಂದ್ಯವನ್ನು ರದ್ದುಮಾಡಿದರು. ಆಗ ರಾಜ್ಯದ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್ ಕೆಂಡಾಮಂಡಲವಾದರು.

ಎಡ್ವರ್ಡ್ಸ್‌ಗೆ ಒಂದು ವಿಷಯ ಸ್ಪಷ್ಟವಾಯಿತು. ಕಪ್ಪು ವಿದ್ಯಾರ್ಥಿಯ ಮಾತಿಗೆ ಕಿವಿಗೊಡದ ಆಡಳಿತ ಪಂದ್ಯ ನಿಲ್ಲುತ್ತದೆಂದರೆ ಎದ್ದು ಕೂರುತ್ತದೆ! ಮರುತಿಂಗಳೇ ‘ಮಾನವ ಹಕ್ಕುಗಳಿಗಾಗಿ ಒಲಿಂಪಿಕ್ ಯೋಜನೆ’ ಎಂಬ ಸಂಘಟನೆ ಹುಟ್ಟಿತು. ವರ್ಣಭೇದದ ದಕ್ಷಿಣ ಆಫ್ರಿಕ ಮತ್ತು ರೊಡೇಸಿಯಾಗಳನ್ನು ಒಲಿಂಪಿಕ್ಸ್‌ನಿಂದ ಹೊರಗಿಡಿ, ಮಹಮ್ಮದ್ ಅಲಿಗೆ ಕಿತ್ತುಕೊಂಡ ಪಟ್ಟ ಮರಳಿಸಿ, ಕಪ್ಪು ಕೋಚ್‌ಗಳನ್ನು ನೇಮಿಸಿ ಎಂಬುವು ಅದರ ಬೇಡಿಕೆಗಳಲ್ಲಿ ಮುಖ್ಯವಾದವು. ಒಡ್ಡದಿದ್ದರೆ ಬಹಿಷ್ಕಾರ. ಆಫ್ರಿಕದ ದೇಶಗಳ ಒತ್ತಡವೂ ಸೇರಿ 1968ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಕ್ಕೆ ನೀಡಿದ್ದ ಆಹ್ವಾನ ರದ್ದಾಯಿತು. ಬಹಿಷ್ಕಾರದ ವಿಷಯದಲ್ಲಿ ಓಟಗಾರರಲ್ಲಿ ಒಮ್ಮತ ಮೂಡಲಿಲ್ಲ. ಹೋಗುವುದು, ಅಲ್ಲಿ ಅವರವರ ಮನಸ್ಸಿಗೆ ತೋಚಿದಂತೆ ಪ್ರತಿಭಟಿಸುವುದು ಎಂದಾಯಿತು.

1968ರ ಅಕ್ಟೋಬರ್ 16. ಸ್ಮಿತ್ ಕೈಗಳನ್ನು ಮೇಲೆತ್ತಿಕೊಂಡೇ ಗುರಿ ದಾಟಿದರು. 200 ಮೀಟರಿಗೆ 19.83 ಸೆಕೆಂಡುಗಳ ಆ ವಿಶ್ವದಾಖಲೆ 1979ರವರೆಗೆ ಉಳಿಯಿತು. ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಎರಡನೆಯವರು, ಕಾರ್ಲೋಸ್ ಮೂರನೆಯವರು. ಪದಕ ಪಡೆಯಲು ಅಮೆರಿಕದ ಇಬ್ಬರೂ ಬೂಟು ಕಳಚಿ ಕಪ್ಪು ಕಾಲುಚೀಲದಲ್ಲಿ ಬಂದರು. ಅದು ಬಡತನದ ಸಂಕೇತ. ಕಾರ್ಲೋಸ್ ಕೊರಳಿನಲ್ಲಿದ್ದ ಮಣಿಗಳು, ಜನರ ಗುಂಪು ನೇಣಿಗೇರಿಸಿದ ಕಪ್ಪು ಜನರ ನೆನಪು. ಕೈಗವಸು ಇದ್ದದ್ದು ಒಂದೇ ಜೊತೆ, ಒಬ್ಬೊಬ್ಬರು ಒಂದೊಂದು ಹಾಕಿಕೊಂಡರು. ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ ಆದದ್ದು ಇದರಿಂದಲೇ. ಬಿಳಿಯರಾದ ನಾರ್ಮನ್ ಕೂಡ ಅವರ ಸಂಘಟನೆಯ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ನಿಂತರು.

ಸ್ಮಿತ್ ಮತ್ತು ಕಾರ್ಲೋಸ್‌ರನ್ನು ತಂಡದಿಂದ ಅಮಾನತು ಮಾಡಿ ಒಲಿಂಪಿಕ್ ಗ್ರಾಮದಿಂದ ಹೊರಗೆ ಕಳಿಸಲಾಯಿತು. ಎರಡೇ ದಿನಗಳ ನಂತರ ಲೀ ಇವಾನ್ಸ್ 400 ಮೀಟರನ್ನು 43.86 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. ಇವಾನ್ಸ್ ಕಪ್ಪು ಟೋಪಿ ಧರಿಸಿ ವೇದಿಕೆಗೆ ಬಂದರು. ಆ ದಾಖಲೆ ಮುರಿಯಲು ಸುಮಾರು 20 ವರ್ಷ ಬೇಕಾಯಿತು. 4x100 ರಿಲೇ ಚಿನ್ನ ಗೆದ್ದ ತಂಡದಲ್ಲೂ ಇದೇ ಕಾಲೇಜಿನ ರೋನಿ ರೇ ಸ್ಮಿತ್ ಇದ್ದರು. ಒಂದು ಸಾಧಾರಣ ಸರಕಾರಿ ಕಾಲೇಜಿಗೆ ಇದಕ್ಕಿಂತ ದೊಡ್ಡ ಫಸಲು ಬೇಕೆ?

ಲೆಕ್ಕಪುಸ್ತಕದ ಮುಂದೆ ಸೋತ ಓಟ

ಊರಿಗೆ ಮರಳಿದ ಇಬ್ಬರಿಗೂ ಕೊಲೆ ಬೆದರಿಕೆಗಳು ಬಂದವು, ಕೆಲಸ ಸಿಗುವುದು ದುಸ್ತರವಾಯಿತು. ಆದರೂ 1969ರಲ್ಲಿ ಕಾರ್ಲೋಸ್ ಅವರ ಬಲದಿಂದ ಕಾಲೇಜು ರಾಷ್ಟ್ರೀಯ ಅಂತರ ಕಾಲೇಜು ಟ್ರ್ಯಾಕ್ ಚಾಂಪಿಯನ್ ಆಯಿತು. 1970ರಲ್ಲಿ ವಿಂಟರ್ ನಿವೃತ್ತರಾದರು.

ಅಮೆರಿಕದ ವಿಶ್ವವಿದ್ಯಾಲಯ ಕ್ರೀಡೆಯ ಅರ್ಥಶಾಸ್ತ್ರ ಸರಳ. ಟಿಕೆಟ್ ಮತ್ತು ಟಿವಿಯಿಂದ ಹಣ ತರುವುದು ಅಲ್ಲಿನ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್. ಓಟ, ಕುಸ್ತಿ, ಹಾಕಿಗಳು ಖರ್ಚಿನ ಬಾಬತ್ತು. ಕೈ ಬಿಗಿಯಾದಾಗ ಕತ್ತರಿ ಮೊದಲು ಬೀಳುವುದು ಇವುಗಳ ಮೇಲೆ. 1988ರಲ್ಲಿ ಸ್ಯಾನ್ ಹೊಸೆಯಲ್ಲಿ ಆದದ್ದೂ ಅದೇ. ಹಾಗೆಂದು ಅಲ್ಲಿನ ಕ್ರೀಡೆಯೆಲ್ಲ ಸೊರಗಿತ್ತು ಎನ್ನುವಂತಿಲ್ಲ. ಸ್ಪೀಡ್ ಸಿಟಿಯ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜು ಕ್ರೀಡೆಯಲ್ಲಿ ಸ್ಥಾನವೇ ಅಷ್ಟಕ್ಕಷ್ಟೆ. ಶಿಕ್ಷಣದಲ್ಲಿ ಲಿಂಗಭೇದ ಕೂಡದೆಂಬ ಕಾನೂನು 1972ರಲ್ಲಿ ಬಂದ ಮೇಲೆ ಅವರಿಗೂ ಬಾಗಿಲು ತೆರೆಯಿತು. ಸ್ಯಾನ್ ಹೊಸೆಯ ಮಹಿಳಾ ಗಾಲ್ಫ್ ತಂಡ 1987, 1989 ಮತ್ತು 1992ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.

ಪ್ರತಿಮೆಯ ಬೇಡಿಕೆ ಎದ್ದದ್ದು ವಿದ್ಯಾರ್ಥಿಗಳಿಂದ, ಆಡಳಿತದಿಂದಲ್ಲ. ಕಲಾವಿದ ರಿಗೊ 23 ಅದನ್ನು ರೂಪಿಸಿದರು. ತನ್ನ ಸ್ಥಾನ ಖಾಲಿಯಿರಲಿ, ಬಂದವರು ಅಲ್ಲಿ ನಿಲ್ಲಲಿ ಎಂದವರು ನಾರ್ಮನ್. ಮರುವರ್ಷ ಅವರು ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಆಸ್ಟ್ರೇಲಿಯಾಕ್ಕೆ ಹೋಗಿ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. 2019ರಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿ ತಾನು ಒಮ್ಮೆ ಹೊರಹಾಕಿದ್ದ ಈ ಇಬ್ಬರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು.

ಪುರುಷರ ಟ್ರ್ಯಾಕ್ ತಂಡವನ್ನು ಮರಳಿ ತರುವುದಾಗಿ ವಿಶ್ವವಿದ್ಯಾಲಯ 2016ರಲ್ಲಿ ಘೋಷಿಸಿತು. ಮೆಕ್ಸಿಕೊ ಘಟನೆಗೆ 50 ತುಂಬಿದ 2018ಕ್ಕೆ ಸರಿಯಾಗಿ ತಂಡ ಮತ್ತೆ ಕಣಕ್ಕಿಳಿಯಿತು. ಆದರೆ ಸ್ಪೀಡ್ ಸಿಟಿಯ ಹುಡುಗರು ಪಳಗಿದ, ವಿಂಟರ್ ಹೆಸರು ಹೊತ್ತಿದ್ದ ಮೈದಾನ ಉಳಿಯಲಿಲ್ಲ. ಅದನ್ನು ತೆಗೆದು ಆ ಜಾಗದಲ್ಲಿ ವಾಹನ ನಿಲುಗಡೆಯ ಬಹುಮಹಡಿ ಕಟ್ಟಡ ಕಟ್ಟಲಾಯಿತು. ಪ್ರತಿಮೆಗೆ ಒಮ್ಮೆ ಹಣ ಕೊಟ್ಟರೆ ಸಾಕು, ಓಟದ ತಂಡಕ್ಕೆ ವರ್ಷವರ್ಷವೂ ಕೊಡಬೇಕು. ಎಂಟಾಣೆಯ ಗೌರವವನ್ನೂ ಕೊಡದೆ ಓಡಿಸಿದ ಹುಡುಗರಿಗೆ ಸಂಸ್ಥೆ ಕೊನೆಗೂ ಗೌರವ ಸಲ್ಲಿಸಿತು, ನಿಜ. ಆದರೆ ಕೂಲಿಕಾರರ ಮನೆಯಿಂದ ಬರುವ ಇನ್ನೊಬ್ಬ ಟಾಮಿ ಸ್ಮಿತ್‌ಗೆ ಬೇಕಾದದ್ದು ಓಡಲು ಜಾಗ, ಕಲಿಸಲು ಒಬ್ಬ ಕೋಚ್ ಮತ್ತು ಹತ್ತಿರದಲ್ಲೊಂದು ಬಾಡಿಗೆ ಕೋಣೆ.